ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ

ಪ್ರಶ್ನೆ: ತಂದೆಗೆ 52 ವರ್ಷ, ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ (ಒಂದು ಬಗೆಯ ರಕ್ತದ ಕ್ಯಾನ್ಸರ್). ಬೆಂಗಳೂರಿನಲ್ಲಿ ಮೊದಲ ಕೀಮೋ ಮುಗಿಸಿ ಮನೆಗೆ ಬಂದಿದ್ದಾರೆ. ರೋಗದ ಕಣ ಕಾಣುತ್ತಿಲ್ಲವಂತೆ. ಇನ್ನೂ ಕೀಮೋ ಬೇಕೇ?
– ಓದುಗರು, ಮಂಡ್ಯ

ಉತ್ತರ: ಬೇಕೇ ಬೇಕು. ಮೂಳೆಮಜ್ಜೆಯಲ್ಲಿ ಬ್ಲಾಸ್ಟ್ ಕಣ (ಬಲಿಯದ ರಕ್ತಕಣ; ಈ ರೋಗದಲ್ಲಿ ಹೆಚ್ಚುವುದು ಇವೇ) ಶೇ. 5ಕ್ಕಿಂತ ಕಡಿಮೆಯಾದರೂ ಅಡಗಿ ಕೂತವು ಮತ್ತೆ ಬೆಳೆಯುತ್ತವೆ. ಮುಂದಿನದು ಹೆಚ್ಚು ಪ್ರಮಾಣದ ಸೈಟರಾಬಿನ್ ಎಂಬ ಕೀಮೋ ಔಷಧಿಯ ಸುತ್ತುಗಳೋ, ದಾನಿಯಿಂದ ಪಡೆದ ಮಜ್ಜೆಯ ಕಸಿಯೋ ಎಂಬುದು ಬಹುಮಟ್ಟಿಗೆ ರೋಗದ ಕಣಗಳ ಜೀನ್ ಬದಲಾವಣೆ ತಿಳಿಸುವ ವರದಿಯ ಮೇಲೆ ನಿಂತಿದೆ; ಅದನ್ನು ಕೇಳಿ ಪಡೆಯಿರಿ. ಕಸಿ ಬೇಕಾದರೆ, ತಂದೆಯ ಒಡಹುಟ್ಟಿದ ಒಬ್ಬೊಬ್ಬರ ಮಜ್ಜೆಯೂ ಅವರಿಗೆ ಪೂರ್ತಿ ಹೊಂದುವ ಸಾಧ್ಯತೆ ಶೇ. 25. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರಿಗೆ ಈಗಲೇ ಹೇಳಿಡಿ.

ನಮಗೆ ಹೆಚ್ಚು ಆತಂಕ ಜ್ವರದ್ದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಿದ್ದಾಗ ಕೀವೂ ಕಟ್ಟುವುದಿಲ್ಲ, ಸೋಂಕು ಮಾತ್ರ ಗಂಟೆಗಳಲ್ಲೇ ರಕ್ತಕ್ಕೇರುತ್ತದೆ. ಬೆಂಗಳೂರಿಗೆ ಹೊರಡುವ ಮೊದಲು ಮಂಡ್ಯದಲ್ಲೇ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಹುಡುಕುವ ಪರೀಕ್ಷೆ) ತೆಗೆಸಿ, ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿಸಿ.