ಬ್ರಾಟಿ ಫೆರಿಯಲ್ಲಿ ಮನೆ ಮಾಡಬಹುದಾ?

ನಮಸ್ಕಾರ ಮೇಡಂ. ಯಜಮಾನರಿಗೆ ಸ್ಕಾಟ್ಲೆಂಡಿನ ಡಂಡೀಯಲ್ಲಿ ಕೆಲಸ ಸಿಕ್ಕಿದೆ, ಬ್ರಾಟಿ ಫೆರಿ ಕಡೆ ಮನೆ ನೋಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ.

ಡಂಡೀ ಪೇಟೆಯಿಂದ ಪೂರ್ವಕ್ಕೆ ಆರೇಳು ಕಿಲೋಮೀಟರ್, ಟೇ ನದಿ ಸಮುದ್ರ ಸೇರುವ ಕಡೆ ಇದೆ. ಅಲ್ಲಿನವರು ಬರೀ ‘ದ ಫೆರಿ’ ಅಂತಾರೆ. ಮೊದಲು ಮೀನುಗಾರರ ಹಳ್ಳಿ. ಆಮೇಲೆ ನಮ್ಮ ಬಂಗಾಳದ ಸೆಣಬಿನಿಂದ ದುಡ್ಡು ಮಾಡಿದ ಡಂಡೀ ಗಿರಣಿ ಮಾಲೀಕರು, ಪೇಟೆಯ ಹೊಗೆ ಬೇಡ ಅಂತ ಇಲ್ಲಿ ಬಂಗಲೆ ಕಟ್ಟಿಕೊಂಡರು. ಈಗಲೂ ಮೇಲುಗಡೆ ದೊಡ್ಡ ಕಲ್ಲಿನ ಮನೆಗಳು, ದಡದ ಹತ್ತಿರ ಬೆಸ್ತರ ಪುಟ್ಟ ಮನೆಗಳು. 1913ರಲ್ಲಿ ಡಂಡೀಗೆ ಸೇರಿತು.

ನನಗೆ ಜಾಸ್ತಿ ಇಷ್ಟವಾಗೋದು ಇಲ್ಲಿನ ಹಡಗು ಬಂದರು. 1851ರಿಂದ ಇಲ್ಲಿ ರೈಲಿನ ಡಬ್ಬಿಗಳನ್ನೇ ಹಡಗಿಗೆ ಹತ್ತಿಸಿ ಆಚೆ ದಡದ ಟೇಪೋರ್ಟ್‌ಗೆ ಸಾಗಿಸುತ್ತಿದ್ದರು. 1878ರಲ್ಲಿ ಡಂಡೀ ಹತ್ತಿರ ಟೇ ನದಿಗೆ ರೈಲು ಸೇತುವೆ ಬಂತು, ರೈಲು ಸಾಗಿಸೋ ಹಡಗು ನಿಂತಿತು. ಮರುವರ್ಷ ಡಿಸೆಂಬರ್ ಬಿರುಗಾಳಿಗೆ ಸೇತುವೆ ರೈಲಿನ ಸಮೇತ ಕುಸಿಯಿತು. 1887ರಲ್ಲಿ ಹೊಸ ಸೇತುವೆ ಆಗೋವರೆಗೆ ಮತ್ತೆ ಹಡಗೇ ಗತಿ. ಈಗ ಬಂದರಿನಲ್ಲಿ ಹಂಸಗಳು ತೇಲುತ್ತಿರುತ್ತವೆ. ಪಕ್ಕದಲ್ಲೇ ಹದಿನೈದನೇ ಶತಮಾನದ ಕೋಟೆ, ಒಳಗೆ ಮ್ಯೂಸಿಯಂ, ಟಿಕೆಟ್ ಇಲ್ಲ.

ಅಂಗಡಿಗಳೆಲ್ಲ ಬ್ರೂಕ್ ಸ್ಟ್ರೀಟಿನಲ್ಲಿ. ಶಾಲೆ, ಲೈಬ್ರರಿ, ಉದ್ದನೆಯ ಮರಳಿನ ಬೀಚ್ ಎಲ್ಲ ಇವೆ. ಬೇಸಿಗೆಯಲ್ಲಿ ಅದೃಷ್ಟ ಇದ್ದರೆ ದಡದಿಂದಲೇ ಡಾಲ್ಫಿನ್ ಕಾಣುತ್ತವೆ. ರೈಲು ನಿಲ್ದಾಣ ಇದೆ, ಆದರೆ ದಿನಾ ಓಡಾಡಲು ಬಸ್ಸೇ ವಾಸಿ. ಗಾಳಿ ಮಾತ್ರ ಜೋರು. ಮಕ್ಕಳಿಗೆ ಒಳ್ಳೆ ಜಾಕೆಟ್ ತಗೊಳ್ಳಿ, ಕೊಡೆ ನಂಬಬೇಡಿ.