ಸಂಪಾದಕರ ಉತ್ತರ: ದುಡ್ಡು ಕಟ್ಟುವ ಮುಂಚೆ ‘ಎಷ್ಟು ದಿನ?’ ಅಂತ ಕೇಳಿ

ಮಂಡ್ಯ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವೈಶಾಖದಲ್ಲಿ ಮಗಳ ಮದುವೆ. ಮೈಸೂರಿನ ಸ್ಕಿನ್ ಕ್ಲಿನಿಕ್ ಒಂದರಲ್ಲಿ ಪೀಲಿಂಗ್, ಲೇಸರ್ ಎಲ್ಲ ಸೇರಿಸಿ ಆರು ಸಿಟ್ಟಿಂಗ್‌ಗೆ 36,000 ರೂಪಾಯಿ ಪ್ಯಾಕೇಜ್ ಹೇಳಿದ್ದಾರಂತೆ. ‘ಹುಡುಗನ ಕಡೆಯವರು ಎಲ್ಲ ಒಪ್ಪಿದ್ರು, ಬಣ್ಣ ಮಾತ್ರ ಸ್ವಲ್ಪ ಕಮ್ಮಿ ಅಂದ್ರು. ಇಷ್ಟು ಕೊಟ್ಟರೆ ಎಷ್ಟು ವರ್ಷ ನಿಲ್ಲುತ್ತೆ, ನೀವೇ ಹೇಳಿ’ ಎಂದು ಕೇಳಿದ್ದಾರೆ. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ, ಇನ್ನೊಂದು ಸಾಲಿದೆ: ‘ನನಗೂ ಕೆನ್ನೆ ಮೇಲೆ ಬಂಗು. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ.’

ಅಕ್ಕಾ, ಮೊದಲು ನಿಮ್ಮನ್ನು ಮೆಚ್ಚಬೇಕು. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತಾ ಅಂತ ಹತ್ತು ಸಲ ಕೇಳುತ್ತೇವೆ. ಮುಖಕ್ಕೆ ದುಡ್ಡು ಸುರಿಯುವಾಗ ಆ ಪ್ರಶ್ನೆ ಬಾಯಿಗೇ ಬರುವುದಿಲ್ಲ. ನೀವು ಕೇಳಿದ್ದೀರಿ.

ಉತ್ತರ ಇಷ್ಟೇ. ವರ್ಷದ ಲೆಕ್ಕ ಬಿಡಿ, ವಾರದ ಲೆಕ್ಕ ಹಿಡಿಯಿರಿ. ನಮ್ಮ ಚರ್ಮದ ಮೇಲ್ಪದರ ಸುಮಾರು 28 ದಿನಕ್ಕೊಮ್ಮೆ ತಾನೇ ಹೊಸದಾಗುತ್ತದೆ. ವಯಸ್ಸಾದ ಹಾಗೆ ಇನ್ನೂ ನಿಧಾನ. ಪೀಲಿಂಗ್ ಅಂದರೆ ಗ್ಲೈಕಾಲಿಕ್‌ನಂಥ ಆಮ್ಲ ಹಚ್ಚಿ, ಹೇಗೂ ಉದುರಬೇಕಿದ್ದ ಆ ಪದರವನ್ನು ಬೇಗ ಉದುರಿಸುವುದು. ಕೆಳಗಿನ ಹೊಸ ಚರ್ಮ ಮೇಲೆ ಬಂದಾಗ ಮುಖ ಹೊಳೆಯುತ್ತದೆ, ಸುಳ್ಳಲ್ಲ. ಆದರೆ ಬಣ್ಣ ತಯಾರಿಸುವ ಜೀವಕೋಶಗಳು ಕೂತಿರುವುದು ಆ ಪದರದ ತಳದಲ್ಲಿ. ಅವು ಎಲ್ಲಿಗೂ ಹೋಗಿರುವುದಿಲ್ಲ. ಬಿಸಿಲು ತಾಕಿದರೆ ಸಾಕು, ಮತ್ತೆ ಕೆಲಸ ಶುರು. ಕೆಲವು ವಾರ, ಜಾಸ್ತಿ ಅಂದರೆ ಕೆಲವು ತಿಂಗಳು. ಆಮೇಲೆ ಕ್ಲಿನಿಕ್ಕಿನವರು ‘ಮೇಂಟೆನೆನ್ಸ್’ ಅನ್ನುತ್ತಾರೆ. ಈ ಮಾತನ್ನು ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ಯಾಕೆ ಹೇಳುವುದಿಲ್ಲ ಅನ್ನುವುದೇ ನನ್ನ ಸಿಟ್ಟು.

ಉಳಿದವುಗಳ ಕಥೆಯೂ ಬೇರೆಯಲ್ಲ. ಹಣೆಯ ಗೆರೆಗೆ ಹಾಕುವ ಬೊಟಾಕ್ಸ್ ಇಂಜೆಕ್ಷನ್ 3ರಿಂದ 4 ತಿಂಗಳು. ಸುಮ್ಮನಾಗಿದ್ದ ನರದ ತುದಿಗಳು ಮತ್ತೆ ಎಚ್ಚರಾಗುತ್ತವೆ, ಗೆರೆ ವಾಪಸ್. ತುಟಿ, ಕೆನ್ನೆ ತುಂಬಿಸುವ ಫಿಲ್ಲರ್ ಆರು ತಿಂಗಳಿಂದ ಒಂದೂವರೆ ವರ್ಷ. ಅದನ್ನು ಮೈಯೇ ನಿಧಾನಕ್ಕೆ ಕರಗಿಸಿಬಿಡುತ್ತದೆ. ಲೇಸರ್‌ನಲ್ಲಿ ಕೂದಲು ತೆಗೆಸುವುದು ಇವಕ್ಕಿಂತ ವಾಸಿ. ಆರೆಂಟು ಸಿಟ್ಟಿಂಗ್ ಆದಮೇಲೆ ಬೆಳವಣಿಗೆ ತುಂಬಾ ತಗ್ಗುತ್ತದೆ. ಆದರೂ ‘ಪರ್ಮನೆಂಟ್’ ಅಂತ ಬೋರ್ಡ್ ಹಾಕುವುದು ತಪ್ಪು. ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನು ತೊಂದರೆ, ಇರುವ ಹುಡುಗಿಯರಿಗೆ ಹಾರ್ಮೋನು ಏರುಪೇರಾದರೆ ಕೂದಲು ತಿರುಗಿ ಬರುತ್ತದೆ.

ಎಲ್ಲವೂ ದಂಡ ಅಂತ ನಾನು ಹೇಳುತ್ತಿಲ್ಲ. ಮೊಡವೆಯ ಗುಳಿಗಳಿಗೆ ಒಳ್ಳೆಯ ವೈದ್ಯರು ಮಾಡುವ ಲೇಸರ್, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ)ಯಿಂದ ಸಿಗುವ ಸುಧಾರಣೆ ಬಹುಕಾಲ ಉಳಿಯುತ್ತದೆ. ಗುಳಿಬಿದ್ದ ಮುಖ ಹೊತ್ತು ಕಾಲೇಜಿಗೆ ಹೋಗುವ ಹುಡುಗಿಯ ಕಷ್ಟ ನನಗೆ ಗೊತ್ತು. ಅಂಥವರು ಖಂಡಿತ ಹೋಗಲಿ.

ಆದರೆ ನಿಮ್ಮ ಮಗಳಿಗೆ ಗುಳಿಯೂ ಇಲ್ಲ, ಕಲೆಯೂ ಇಲ್ಲ. ನೀವೇ ಬರೆದಿದ್ದೀರಿ, ‘ಲಕ್ಷಣವಾಗಿದ್ದಾಳೆ, ಎಣ್ಣೆಗಪ್ಪು’ ಅಂತ. ಅಕ್ಕಾ, ಎಣ್ಣೆಗಪ್ಪು ಅನ್ನುವ ಮಾತಿನಲ್ಲೇ ಎಷ್ಟು ಮಿಂಚಿದೆ ನೋಡಿ! ನಮ್ಮ ಅಜ್ಜಿಯರು ಹೆಣ್ಣು ನೋಡಿ ಬಂದರೆ ಮೊದಲು ಹೇಳುತ್ತಿದ್ದುದು ‘ಲಕ್ಷಣವಾಗವಳೆ’ ಅಂತ. ಕಣ್ಣು, ಮೂಗು, ನಡಿಗೆ, ಮಾತು ಎಲ್ಲ ಅದರಲ್ಲೇ ಬಂತು. ಬಣ್ಣದ ಮಾತು ಆಗಲೂ ಇತ್ತು, ಇಲ್ಲ ಅನ್ನುವುದಿಲ್ಲ. ಅದನ್ನು ಟ್ಯೂಬಿಗೆ ತುಂಬಿ ಮನೆಮನೆಗೆ ಮಾರಿದ್ದು ಆಮೇಲೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಅಂತ ಹೆಸರು ಬದಲಿಸಿಕೊಂಡಿತು. ನಲವತ್ತೈದು ವರ್ಷ ನಮ್ಮ ತಲೆಯೊಳಗೆ ಕೂತಿದ್ದು ಹೆಸರು ಬದಲಾದ ಮಾತ್ರಕ್ಕೆ ಎದ್ದು ಹೋಗುತ್ತಾ?

ಇನ್ನೊಂದು ಭಯವೂ ಇದೆ. ನಮ್ಮಂಥ ಕಂದು ಚರ್ಮಕ್ಕೆ ಪೀಲಿಂಗ್ ಸ್ವಲ್ಪ ಖಾರವಾದರೂ ಸುಟ್ಟ ಜಾಗ ಮೊದಲಿಗಿಂತ ಕಪ್ಪಾಗಬಹುದು. ಆರಲು ತಿಂಗಳುಗಟ್ಟಲೆ ಬೇಕು. ವೈಶಾಖದ ಬಿಸಿಲು, ಚಪ್ಪರದ ಕೆಳಗೆ ದಿನವಿಡೀ ಶಾಸ್ತ್ರ. ಮಾಡಿಸಲೇಬೇಕು ಅಂತ ಮಗಳೇ ಹಟ ಹಿಡಿದರೆ ಈಗಲೇ ಒಂದು ಸಿಟ್ಟಿಂಗ್ ಮಾಡಿಸಿ ನೋಡಲಿ. ಮದುವೆಗೆ ವಾರ ಇರುವಾಗ ಹೊಸದೇನನ್ನೂ ಮುಖಕ್ಕೆ ಮುಟ್ಟಿಸಬೇಡಿ. ನಿಂಬೆರಸವಂತೂ ಬೇಡವೇ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದುಂಟು.

ಈಗ ನೀವು ಅಂಚಿನಲ್ಲಿ ಬರೆದ ಸಾಲಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಡೀ ಕಾಗದದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೇ.

ನನ್ನ ಚಿಕ್ಕಮ್ಮ ಪಾಂಡವಪುರದ ಕಡೆ ಹಳ್ಳಿಯವರು. ಅವರಿಗೂ ಬಂಗು ಇತ್ತು. ಅಂಗಡಿಯವನು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟ. ಹದಿನೈದೇ ದಿನಕ್ಕೆ ಮುಖ ಬೆಳ್ಳಗಾಯಿತು. ಊರವರೆಲ್ಲ ಅದೇ ಟ್ಯೂಬ್ ತರಿಸಿಕೊಂಡರು. ಎರಡು ವರ್ಷವಾದಮೇಲೆ ಹಬ್ಬಕ್ಕೆ ಹೋದಾಗ ನೋಡಿದೆ. ಕೆನ್ನೆಯ ಮೇಲೆ ದಾರದೆಳೆಯಂಥ ಕೆಂಪು ರಕ್ತನಾಳಗಳು, ಗಲ್ಲದಲ್ಲಿ ಕೂದಲು. ಮುದ್ದೆ ತಿರುವಲು ಒಲೆ ಮುಂದೆ ಕೂತರೆ ಮುಖ ಉರಿ ಅಂತ ಎದ್ದುಬಿಡುತ್ತಿದ್ದರು. ಬಿಟ್ಟರೆ ಇನ್ನೂ ಉರಿ, ಅದಕ್ಕೇ ಮತ್ತೆ ಹಚ್ಚುತ್ತಿದ್ದರು. ಎಲೆಯಡಿಕೆ ಚೀಲದಿಂದ ಆ ಟ್ಯೂಬ್ ತೆಗೆದು ತೋರಿಸಿದರು. ಕೊನೇ ಹನಿಯೂ ಬರಲಿ ಅಂತ ಬುಡದಿಂದ ಸುರುಳಿ ಸುತ್ತಿಟ್ಟಿದ್ದರು. ಅದರಲ್ಲಿ ಸ್ಟೆರಾಯ್ಡ್ ಇತ್ತು.

ಇಂಥ ಹಲವು ಸ್ಟೆರಾಯ್ಡ್ ಕ್ರೀಮ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಕಾನೂನು ಕಾಗದದಲ್ಲಿದೆ, ಟ್ಯೂಬ್ ಚಿಕ್ಕಮ್ಮನ ಚೀಲದಲ್ಲಿತ್ತು. ಅವರ ಚರ್ಮ ಸರಿಹೋಗಲು ಒಂದು ವರ್ಷದ ಮೇಲೆ ಹಿಡಿಯಿತು.

ಬಂಗು ಬಸುರಿನಲ್ಲಿ, ಹಾರ್ಮೋನು ಬದಲಾದಾಗ, ಬಿಸಿಲಿನಿಂದ ಬರುತ್ತದೆ. ತಿರುಗಿ ಬರುವುದೇ ಅದರ ಗುಣ. ಗದ್ದೆಗೆ ಹೋಗುವಾಗ ಸೆರಗು, ಟೋಪಿ ಅಥವಾ ಟವಲ್‌ನಿಂದ ಮುಖಕ್ಕೆ ನೆರಳು ಮಾಡಿಕೊಳ್ಳಿ. ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚಿ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮಾಡಿಸಿದ ಯಾವ ಚಿಕಿತ್ಸೆಯ ಫಲವನ್ನಾದರೂ ನಾಲ್ಕು ದಿನ ಜಾಸ್ತಿ ಉಳಿಸುವುದು ಇದೇ. ಮಗಳಿಗೂ ಇದನ್ನೇ ಹೇಳಿ.

36,000 ರೂಪಾಯಿ ಬೀರುವಿನಲ್ಲೇ ಇರಲಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ಚರ್ಮರೋಗ ವಿಭಾಗವಿದೆ, ಮೈಸೂರಿಗೆ ಬಂದರೆ ಕೆ.ಆರ್. ಆಸ್ಪತ್ರೆಯಲ್ಲಿದೆ. ಕ್ರೀಮನ್ನು ನೀವಾಗಿ ಒಂದೇ ಸಲ ಬಿಡಬೇಡಿ, ಹೇಗೆ ಬಿಡಬೇಕು ಅಂತ ಅವರೇ ಹೇಳುತ್ತಾರೆ. ಈ ವಾರವೇ ಹೋಗಿ. ಹೋಗುವಾಗ ಆ ಟ್ಯೂಬ್ ಮರೆಯದೆ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಕ್ಕಾ.