ಲಿವಬೋರ್ಡ್‌ಗೆ ದುಡ್ಡು ಕಟ್ಟಿದ ಮೇಲೆ ಒಂದು ಡೈವ್ ಕೂಡ ಬಿಡಬಾರದೇ?

"ಇಷ್ಟು ದುಡ್ಡು ಕೊಟ್ಟು ಹೋಗುವಾಗ 17 ಡೈವ್‌ನಲ್ಲಿ ಒಂದನ್ನೂ ಬಿಡಬಾರದು ಅಂತಿದ್ದೇನೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದುತ್ತಲೇ ನನ್ನ ಕೈ ಎಡಗಿವಿಗೆ ಹೋಯಿತು. ಸ್ಕೂಬಾದಲ್ಲಿ ಆರು ಡೈವ್ ಆಗಿದೆ, ಶಾರ್ಕ್ ನೋಡಲು ಮಾಲ್ಡೀವ್ಸ್ ಲಿವಬೋರ್ಡೋ (ವಾರಪೂರ್ತಿ ಉಳಿದು ಡೈವ್ ಮಾಡುವ ಬೋಟು) ಈಜಿಪ್ಟೋ, ಗ್ಯಾರಂಟಿ ಎಲ್ಲಿ ಅನ್ನುವ ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಈ ಸಾಲಿನ ಕಥೆ.

ನಾನು ಮಲ್ಪೆ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. 2018ರ ಜನವರಿಯಲ್ಲಿ ಮಾಲ್ಡೀವ್ಸ್‌ಗೆ ಹೋಗುವಾಗ ನನ್ನ ಲಾಗ್‌ಬುಕ್‌ನಲ್ಲಿ 14 ಡೈವ್ ಇತ್ತು. ಮೊದಲ ಕೋರ್ಸ್ ಓಪನ್ ವಾಟರ್ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅದರ ಮುಂದಿನದು ಅಡ್ವಾನ್ಸ್‌ಡ್ ನೇತ್ರಾಣಿಯಲ್ಲಿ. ವಿಮಾನ, ಬೋಟು, ಬಾಡಿಗೆ ಗೇರು ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತ್ತು. ಆರು ದಿನ, 17 ಡೈವ್. ಕ್ಯಾಲ್ಕ್ಯುಲೇಟರ್ ತೆಗೆದು ಭಾಗಿಸಿದ್ದೆ: ಒಂದು ಡೈವ್‌ಗೆ ಒಂಬತ್ತು ಸಾವಿರ. ನನ್ನನ್ನು ಹಾಳು ಮಾಡಿದ್ದು ಈ ಲೆಕ್ಕ.

ಹೊರಡುವ ಎರಡು ದಿನ ಮುಂಚೆ ಗಂಟಲು ಕೆರೆಯಲು ಶುರುವಾಗಿತ್ತು. ಆಫೀಸಿನ ಕೆಲಸ ರಾತ್ರಿ ಎರಡರ ತನಕ ಕೂತು ಮುಗಿಸಿ, ನಿದ್ದೆ ಇಲ್ಲದೆ ಏರ್‌ಪೋರ್ಟ್‌ಗೆ ಹೋದೆ. ಬೋಟು ಹತ್ತಿದ ಸಂಜೆ ಆರೋಗ್ಯದ ಫಾರಂ ಕೊಟ್ಟರು. ಮೂಗು, ಸೈನಸ್, ಕಿವಿಯ ತೊಂದರೆ ಇದೆಯೇ ಅನ್ನುವ ಕಡೆ "ಇಲ್ಲ" ಅಂತ ಟಿಕ್ ಮಾಡಿದೆ. ಫಾರಂ ಕೊಟ್ಟ ಹುಡುಗಿ ಆಚೆ ತಿರುಗಿದಾಗ ಟಿಶ್ಯೂನಲ್ಲಿ ಮೂಗು ಒರೆಸಿಕೊಂಡೆ.

ಲಿವಬೋರ್ಡ್ ಅಂದರೆ ವಾರಪೂರ್ತಿ ಬೋಟಿನಲ್ಲೇ ಊಟ, ನಿದ್ದೆ. ಬೋಟು ರಾತ್ರಿಯೋ ಮಧ್ಯಾಹ್ನವೋ ಸಾಗುತ್ತದೆ, ನೀವು ಎದ್ದಾಗ ಇನ್ನೊಂದು ರೀಫಿನ (ಹವಳದ ದಿಬ್ಬದ) ಹತ್ತಿರ ಇರುತ್ತೀರಿ. ಮಾಲ್ಡೀವ್ಸ್‌ನಲ್ಲಿ ದೊಡ್ಡ ಬೋಟಿನ ಹಿಂದೆ ಇನ್ನೊಂದು ಚಿಕ್ಕದು ಬರುತ್ತದೆ. ಸಿಲಿಂಡರ್, ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್, ಒದ್ದೆ ಸೂಟು ಎಲ್ಲ ಅದರಲ್ಲಿ. ಅದಕ್ಕೆ ಅವರು ಹೇಳುವುದು ಧೋನಿ. ನಮ್ಮ ದೋಣಿಯೇ! ಆ ಪದ ಕೇಳಿ ಮೊದಲ ದಿನವೇ ಊರಿಗೆ ಬಂದ ಹಾಗಾಯಿತು. ಬೆಳಿಗ್ಗೆ ಐದೂವರೆಗೆ ಎಬ್ಬಿಸುವ ಗಂಟೆ, ಆರಕ್ಕೆ ಬ್ರೀಫಿಂಗ್, ಒಂದು ಡೈವ್, ತಿಂಡಿ, ಇನ್ನೊಂದು, ಊಟ, ಮತ್ತೊಂದು. ತಿಂಡಿಗೆ ಮಸ್ ಹುನಿ. ಸೂರೆ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಿವುಚಿ ರೋಶಿ ಅನ್ನುವ ತೆಳು ರೊಟ್ಟಿಯ ಜೊತೆ ಕೊಡುತ್ತಾರೆ.

ಮೊದಲ ಎರಡು ದಿನ ಆರು ಡೈವ್ ಮುಗಿಯಿತು. ಇಳಿಯುವಾಗ ಕಟ್ಟಿದ ಕಿವಿ ತಡವಾಗಿ ಬಿಡುತ್ತಿತ್ತು, ಆದರೆ ಬಿಡುತ್ತಿತ್ತು. ಎರಡನೇ ದಿನ ರಾತ್ರಿ ವಾವು ಅಟಾಲ್‌ನ (ಅಟಾಲ್ ಅಂದರೆ ಉಂಗುರದಂತಿರುವ ಹವಳದ ದ್ವೀಪಗಳ ಗುಂಪು) ಆಲಿಮಥಾ ದ್ವೀಪದ ಜೆಟ್ಟಿ ಹತ್ತಿರ ನರ್ಸ್ ಶಾರ್ಕ್‌ಗಳು. ಮರಳಿನ ಮೇಲೆ ಮಂಡಿಯೂರಿ ಟಾರ್ಚ್ ಹಿಡಿದರೆ ಕತ್ತಲಿನಿಂದ ಒಂದೊಂದೇ ಬರುತ್ತವೆ. ಒಂದು ನನ್ನ ಮೊಣಕೈ ತಾಗುವಷ್ಟು ಹತ್ತಿರ ಹಾದುಹೋಯಿತು. ಮೂತಿಯ ಕೆಳಗೆ ಎರಡು ಮೀಸೆ, ಬಟನ್ನಿನಷ್ಟು ಸಣ್ಣ ಕಣ್ಣು, ಮರಳು ಬಣ್ಣದ ಒರಟು ಮೈ. ನಮ್ಮ ಕಡೆ ಶಾರ್ಕನ್ನು ತಾಟೆ ಅಂತ ಮೀನು ಮಾರ್ಕೆಟ್ಟಿನಲ್ಲಿ ರಾಶಿ ಹಾಕಿರುವುದನ್ನು ನೋಡಿ ಬೆಳೆದವನು ನಾನು. ಜೀವಂತವಾಗಿ, ಅದರ ಮನೆಯಲ್ಲಿ, ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹೋಗಿದ್ದು ನೋಡಿ ಕಣ್ಣು ತುಂಬಿತು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಅಂಥ ತೀರ್ಮಾನ ಆಗಿರದಿದ್ದರೆ ನಾನು ನೀವು ಇವತ್ತು ಈ ಮಾತಾಡುವ ಪ್ರಶ್ನೆಯೇ ಇರುತ್ತಿರಲಿಲ್ಲ.

ಆ ರಾತ್ರಿ ಎಸಿ ಕ್ಯಾಬಿನ್‌ನಲ್ಲಿ ಮಲಗಿ ಎದ್ದಾಗ ಮೂಗು ಪೂರ್ತಿ ಕಟ್ಟಿತ್ತು. ಡ್ರಾಪ್ಸ್ ಹಾಕಿಕೊಂಡೆ. ಅದು ಬಿಟ್ಟಿತು. ಧೋನಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಹಿರಿಯರೊಬ್ಬರು ನಾನು ಮೂಗು ಸೀನುವುದನ್ನು ನೋಡಿ, ತಮ್ಮ ಕಿವಿಯ ಮೇಲೆ ಬೆರಳಿಟ್ಟು, "ಆಜ್ ನಹೀ, ಭಾಯ್" ಅಂದರು. ನಾನು ಡೈವರ್‌ಗಳ ಓಕೆ ಸಂಜ್ಞೆ ಮಾಡಿ ತೋರಿಸಿದೆ. ಒಂಬತ್ತು ಸಾವಿರ ತಲೆಯಲ್ಲಿ ಕೂತಿತ್ತು. ಅದರ ಮೇಲೆ ಅವತ್ತಿನ ಡೈವ್ 'ಫೊತ್ತೆಯೊ ಕಂಡು' ಅನ್ನುವ ಜಾಗದಲ್ಲಿ, ಇಡೀ ವಾರದಲ್ಲಿ ಎಲ್ಲರೂ ಕಾಯುತ್ತಿದ್ದದ್ದು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ.

ಕಂಡು ಅಂದರೆ ಅಟಾಲ್‌ನ ಉಂಗುರದಲ್ಲಿ ಸಮುದ್ರ ಒಳಗೆ ಹೊರಗೆ ಹರಿಯುವ ಕಾಲುವೆ. ಅಲ್ಲಿ ಸೆಳೆತ ಜೋರು. ನೀರಿಗೆ ಹಾರಿ ಮೇಲೆ ತೇಲುತ್ತಾ ನಿಂತರೆ ಕಾಲುವೆಯ ಬಾಯಿ ದಾಟಿ ಎಲ್ಲಿಗೋ ಹೋಗಿರುತ್ತೀರಿ. ಅದಕ್ಕೇ ತೇಲಿಸುವ ಜಾಕೆಟ್‌ನ ಗಾಳಿ ಪೂರ್ತಿ ತೆಗೆದು, ಹಾರಿದ ಕೂಡಲೇ ತಲೆ ಕೆಳಗಾಗಿ ಇಳಿಯಬೇಕು. ನೆಗೆಟಿವ್ ಎಂಟ್ರಿ ಅನ್ನುತ್ತಾರೆ. ಕಿವಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ನೀರಿನ ಮೇಲೆ ಇರುವ ಒತ್ತಡ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಎರಡರಷ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗಬೇಕು, ಇಲ್ಲವಾದರೆ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಹೊಸ ಗಾಳಿ ತುಂಬಬೇಕು. ನೆಗಡಿಯಲ್ಲಿ ಆ ನಾಳದ ಒಳಮೈ ಊದಿಕೊಂಡಿರುತ್ತದೆ. ಡ್ರಾಪ್ಸ್ ಹಾಕಿದರೆ ಮೂಗು ತೆರೆದ ಹಾಗೆ ಅನಿಸುತ್ತದೆ, ಆ ನಾಳ ತೆರೆದಿದೆ ಅಂತ ಅರ್ಥವಲ್ಲ. ಅದರ ಪ್ರಭಾವ ನೀರೊಳಗಿರುವಾಗಲೇ ಮುಗಿದುಹೋದರೆ ಇನ್ನೂ ಕಷ್ಟ, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಆರು ಮೀಟರ್‌ನಲ್ಲಿ ಎಡಗಿವಿ ಬಿಡಲಿಲ್ಲ. ಕಿವಿಯೊಳಗೆ ದಬ್ಬಣ ಇಟ್ಟು ಒತ್ತಿದಂತೆ ನೋವು. ಆಗ ಮಾಡಬೇಕಾದದ್ದು ಒಂದೇ: ಎರಡು ಮೀಟರ್ ಮೇಲೆ ಬಂದು, ಮೆಲ್ಲಗೆ ಮತ್ತೆ ಪ್ರಯತ್ನಿಸಿ, ಬಿಡದಿದ್ದರೆ ಗೈಡ್‌ಗೆ ಕಿವಿ ತೋರಿಸಿ ಡೈವ್ ಮುಗಿಸುವುದು. ಒತ್ತಡದ ವ್ಯತ್ಯಾಸ ಹೆಚ್ಚಾದ ಮೇಲೆ ಆ ನಾಳಕ್ಕೆ ಬೀಗ ಬಿದ್ದ ಹಾಗೆ. ಮೇಲೆ ಬಾರದೆ ಎಷ್ಟು ಊದಿದರೂ ತೆರೆಯುವುದಿಲ್ಲ. ಇದು ನನಗೆ ಗೊತ್ತಿತ್ತು, ಕೋರ್ಸ್‌ನಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆದರೆ ಕೆಳಗೆ ಎಂಟು ಜನರ ಕಾಲಿನ ಫಿನ್‌ಗಳು ನೀಲಿಯಲ್ಲಿ ಸಣ್ಣದಾಗುತ್ತಿದ್ದವು. ಮೂಗು ಹಿಡಿದು ಶಕ್ತಿ ಹಾಕಿ ಊದಿದೆ. ಇನ್ನೂ ಎರಡು ಮೀಟರ್ ಇಳಿದು ಮತ್ತೆ ಊದಿದೆ.

ಪಟ್ ಅಂತ ಸದ್ದಾಯಿತು. ನೋವು ಒಂದೇ ಕ್ಷಣಕ್ಕೆ ಹೋಯಿತು, ಆಹಾ ಬಿಟ್ಟಿತು ಅಂದುಕೊಂಡೆ. ಮರುಕ್ಷಣ ಕಿವಿಯೊಳಗೆ ತಣ್ಣನೆಯದೇನೋ ನುಗ್ಗಿತು, ಸಮುದ್ರ ಬುಗುರಿಯ ಹಾಗೆ ತಿರುಗಿತು. ಕಿವಿತಮಟೆ ಹರಿದು ನೀರು ಒಳಗೆ ಹೋದರೆ ಹೀಗೇ ಆಗುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳಿಯುವುದಿಲ್ಲ. ನನ್ನ ಗುಳ್ಳೆಗಳು ಅಡ್ಡಡ್ಡ ಹೋಗುತ್ತಿವೆ ಅನಿಸಿತು. ಅದೇ ಹೊತ್ತಿಗೆ ಕಾಲುವೆಯ ಅಂಚಿನಲ್ಲಿ ಬೂದು ಶಾರ್ಕ್‌ಗಳ ಸಾಲು ಕಂಡಿತು. ಒಂದೂವರೆ ಲಕ್ಷ ಕೊಟ್ಟು ನೋಡಲು ಬಂದದ್ದು ಅದನ್ನೇ. ಎಷ್ಟಿದ್ದವು ಗೊತ್ತಿಲ್ಲ. ನಾಲ್ಕೂ ಆಗಿರಬಹುದು, ನಲವತ್ತೂ. ಎಲ್ಲ ತಿರುಗುತ್ತಿತ್ತು.

ಯಾರೋ ನನ್ನ ಸಿಲಿಂಡರ್‌ನ ಕವಾಟ ಹಿಡಿದರು. ನನ್ನ ಡೈವ್ ಜೊತೆಗಾರ್ತಿ, ಪುಣೆಯ ನಿವೃತ್ತ ಟೀಚರ್. ಅವರು ಮತ್ತು ಒಬ್ಬ ಗೈಡ್ ನನ್ನನ್ನು ಎರಡೂ ಕಡೆ ಹಿಡಿದು, ಒಂದೊಂದೇ ಮೀಟರ್ ಮೇಲೆ ತಂದರು. ಧೋನಿಯಲ್ಲಿ ವಾಂತಿ ಮಾಡಿಕೊಂಡೆ. ಆ ಟೀಚರಿಗೂ ಅವತ್ತಿನ ಫೊತ್ತೆಯೊ ಹೋಯಿತು. ಒಂದು ಮಾತೂ ಅನ್ನಲಿಲ್ಲ. ನನಗೆ ಇವತ್ತಿಗೂ ಚುಚ್ಚುವುದು ಕಿವಿಗಿಂತ ಹೆಚ್ಚು ಅದೇ.

ಉಳಿದ ನಾಲ್ಕು ದಿನ ಡೆಕ್ ಮೇಲೆ. ಒಂದನ್ನು ಉಳಿಸಲು ಹೋಗಿ 11 ಡೈವ್ ಕಳೆದುಕೊಂಡೆ. ದಕ್ಷಿಣ ಆರಿ ಅಟಾಲ್‌ನಲ್ಲಿ ತಿಮಿಂಗಿಲ ಶಾರ್ಕ್ ಬೋಟಿನ ಪಕ್ಕದಲ್ಲೇ ಬಂತು. ಎಲ್ಲರೂ ಮಾಸ್ಕ್ ಹಾಕಿಕೊಂಡು ಧುಮುಕಿದರು, ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಕಂಬಿ ಹಿಡಿದು ಬೆನ್ನಿನ ಬಿಳಿ ಚುಕ್ಕೆಗಳನ್ನು ನೋಡಿದೆ. ಶುಕ್ರವಾರ ಬೆಳಿಗ್ಗೆ ಮಾಲೆ ಏರ್‌ಪೋರ್ಟ್ ಪಕ್ಕದ ಮಾಲ್ಡೀವ್ ವಿಕ್ಟರಿ. 1981ರ ಫೆಬ್ರವರಿ 13ರಂದು ರೀಫಿಗೆ ಬಡಿದು ಮುಳುಗಿದ ಸರಕು ಹಡಗು, ರೆಸಾರ್ಟ್‌ಗಳಿಗೆ ಸಾಮಾನು ಹೊತ್ತು ಬರುತ್ತಿತ್ತಂತೆ. 35 ಮೀಟರ್ ಆಳದ ತಳದ ಮೇಲೆ ನೆಟ್ಟಗೆ ಕೂತಿದೆ. ಅಲ್ಲಿ ಡೈವ್‌ಗೆ ಕಾನೂನಿನ ಮಿತಿ 30 ಮೀಟರ್, ಹಾಗಾಗಿ ಡೆಕ್ ಸುತ್ತ ಸುತ್ತಿ ಬರುತ್ತಾರೆ. ನಾನು ನೋಡಿದ್ದು ಮೇಲೆ ಬಂದ ಗುಳ್ಳೆಗಳನ್ನು.

ಈ ಮಧ್ಯೆ ನಡೆದ ಒಂದು ಸಣ್ಣ ವಿಷಯ ಹೇಳಲೇಬೇಕು. ಗುರುವಾರ ಬೆಳಿಗ್ಗೆ ಆ ಟೀಚರ್ ಬ್ರೀಫಿಂಗ್‌ಗೆ ಬಂದವರು ಸೂಟು ಹಾಕಲಿಲ್ಲ. "ಇವತ್ತು ಮೈ ಹಗುರ ಇಲ್ಲ, ನೀವೆಲ್ಲ ಹೋಗಿಬನ್ನಿ" ಅಂದು ಚಹಾ ತೆಗೆದುಕೊಂಡು ನನ್ನ ಪಕ್ಕ ಕೂತರು. ಇನ್ನೂರಕ್ಕೂ ಹೆಚ್ಚು ಡೈವ್ ಮಾಡಿದವರು. ಯಾರೂ ಯಾಕೆ ಅಂತ ಕೇಳಲಿಲ್ಲ. ಅಷ್ಟು ಸಲೀಸಾಗಿ ಹೇಳಬಹುದಾದ ಮಾತು ಅದು ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ಬೆಂಗಳೂರಿನಲ್ಲಿ ಇಎನ್‌ಟಿ ಡಾಕ್ಟರ್ ತಮಟೆಯಲ್ಲಿ ತೂತು ತೋರಿಸಿದರು. ಎರಡು ತಿಂಗಳಲ್ಲಿ ತಾನಾಗಿ ಮುಚ್ಚಿತು. ಅಷ್ಟು ಜೋರಾಗಿ ಊದಿದಾಗ ಒಳಗಿವಿಯ ಪೊರೆ ಹರಿಯುವುದೂ ಉಂಟು, ಹಾಗಾದರೆ ಕೇಳಿಸುವುದೇ ಶಾಶ್ವತವಾಗಿ ಹೋಗಬಹುದು, ನೀವು ಅಗ್ಗದಲ್ಲಿ ಪಾರಾದಿರಿ ಅಂದರು.

ಈಗ ನಿಮ್ಮ ಪ್ರಶ್ನೆ. ಆರು ಡೈವ್‌ಗೆ ಎರಡೂ ಬೇಡ. ಈಜಿಪ್ಟ್‌ನಲ್ಲಿ ಬ್ರದರ್ಸ್, ಡೀಡಲಸ್ ಅನ್ನುವ ದೂರದ ರೀಫುಗಳ ಕಡೆಯ ಶಾರ್ಕ್ ಟ್ರಿಪ್‌ಗೆ ಕನಿಷ್ಠ 50 ಡೈವ್ ಆಗಿರಬೇಕು ಅಂತ ನಿಯಮವೇ ಇದೆ. ಮುಳುಗಿದ ಹಡಗು ನೋಡುವ ಆಸೆ ಇದ್ದರೆ ಕೆಂಪು ಸಮುದ್ರದ ಥಿಸಲ್‌ಗಾರ್ಮ್‌ಗೆ ಹೋಗಲೇಬೇಕು, 1941ರ ಅಕ್ಟೋಬರ್‌ನಲ್ಲಿ ಜರ್ಮನ್ ಬಾಂಬಿಗೆ ಮುಳುಗಿದ ಹಡಗಿನ ಹೊಟ್ಟೆಯಲ್ಲಿ ಲಾರಿಗಳು, ಬಿಎಸ್‌ಎ ಮೋಟಾರ್ ಸೈಕಲ್‌ಗಳು ಇನ್ನೂ ಸಾಲಾಗಿವೆ. ಆದರೆ ಅದೂ 30 ಮೀಟರ್ ಹತ್ತಿರದ ಆಳ, ಸೆಳೆತ ಇರುತ್ತದೆ. ಮೊದಲು ನೇತ್ರಾಣಿಗೆ ನಾಲ್ಕು ಸಲ, ಅಂಡಮಾನಿಗೆ ಎರಡು ಸಲ ಹೋಗಿ. ರಾತ್ರಿ ಮನೆಗೋ ರೂಮಿಗೋ ಬರುವ ಡೈವ್‌ಗಳಲ್ಲಿ "ಇವತ್ತು ಬೇಡ" ಅನ್ನುವುದು ಸುಲಭ, ಅದನ್ನು ಅಲ್ಲಿ ಕಲಿಯಿರಿ. ಹಗ್ಗ ಹಿಡಿಯದೆ ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುವುದು, ನೀರೊಳಗಿನಿಂದ ಗಾಳಿ ತುಂಬಿ ಸಿಗ್ನಲ್ ಬಲೂನು ಬಿಡುವುದು, ನೆಗೆಟಿವ್ ಎಂಟ್ರಿ, ಇವು ಮೂರು ಕೈವಶ ಆಗುವ ತನಕ ಕಂಡು ಡೈವ್ ಕಡೆ ಮುಖ ಹಾಕಬೇಡಿ.

ಗ್ಯಾರಂಟಿ ಕೇಳಿದ್ದೀರಿ. ಶಾರ್ಕ್‌ಗೆ ಗ್ಯಾರಂಟಿ ಕೊಡುವವರ ಹತ್ತಿರ ಬುಕ್ ಮಾಡಬೇಡಿ. ಮಾಡಬಹುದಾದದ್ದು ಇಷ್ಟು: ಮಾಲ್ಡೀವ್ಸ್‌ನಲ್ಲಿ ಜನವರಿಯಿಂದ ಏಪ್ರಿಲ್ ಆರಂಭದ ತನಕ, ಈಶಾನ್ಯ ಮಾರುತದ ಕಾಲದಲ್ಲಿ ನೀರು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಆಗ ಅಟಾಲ್‌ಗಳ ಪೂರ್ವದ ಕಂಡುಗಳಿಗೆ ಹೊರಗಿನ ತಿಳಿ ನೀರು ನುಗ್ಗುತ್ತದೆ, ಶಾರ್ಕ್‌ಗಳು ಕಾಲುವೆಯ ಬಾಯಲ್ಲಿ ಸೆಳೆತಕ್ಕೆ ಮುಖ ಕೊಟ್ಟು ತೇಲುತ್ತಿರುತ್ತವೆ. ಆ ತಿಂಗಳುಗಳಲ್ಲಿ ವಾವು ಇರುವ ರೂಟ್ ಆರಿಸಿ.

ಬೋಟು ಆರಿಸುವಾಗ ಊಟದ ಫೋಟೋ ನೋಡಬೇಡಿ. ರಾತ್ರಿ ಎಲ್ಲರೂ ಮಲಗಿದಾಗ ಎಚ್ಚರ ಇದ್ದು ಸುತ್ತುವವರು ಇದ್ದಾರಾ, ಕ್ಯಾಬಿನ್‌ನಿಂದ ಎರಡನೇ ದಾರಿ ಎಲ್ಲಿದೆ ಅಂತ ಇಮೇಲ್‌ನಲ್ಲಿ ಕೇಳಿ. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನ್ಸೆಪ್ಷನ್ ಅನ್ನುವ ಡೈವ್ ಬೋಟಿಗೆ ರಾತ್ರಿ ಬೆಂಕಿ ಬಿದ್ದಾಗ ಕೆಳಗೆ ಮಲಗಿದ್ದ 34 ಜನ ಸತ್ತರು, ಕಾವಲಿಗೆ ಯಾರೂ ಎಚ್ಚರ ಇರಲಿಲ್ಲ. ಕ್ಯಾಮೆರಾ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಲೇಬೇಡಿ. ಈ ಪ್ರಶ್ನೆಗೆ ಉತ್ತರ ಕೊಡದ ಬೋಟು ಎಷ್ಟು ಅಗ್ಗ ಇದ್ದರೂ ಬೇಡ. ಡೈವಿಂಗ್ ಇನ್ಶೂರೆನ್ಸ್ ಇಲ್ಲದೆಯೂ ಹೋಗಬೇಡಿ.

ನಾನು ಮತ್ತೆ ಹೋಗಿದ್ದು 2023ರ ಫೆಬ್ರವರಿಯಲ್ಲಿ, 46 ಡೈವ್ ಆದ ಮೇಲೆ. ಹೊರಡುವ ಮೂರು ದಿನ ಮೊದಲೇ ರಜೆ ಹಾಕಿ ಚೆನ್ನಾಗಿ ನಿದ್ದೆ ಮಾಡಿದೆ. ಫೊತ್ತೆಯೊದಲ್ಲಿ ಎಡಗಿವಿಗೆ ಬೇಕಾದಷ್ಟು ಸಮಯ ಕೊಟ್ಟು ಇಳಿದೆ. ಗೈಡ್‌ಗೆ ಮೊದಲೇ ಹೇಳಿದ್ದೆ, ಅವನು ನನ್ನ ಜೊತೆ ರೀಫಿನ ಗೋಡೆ ಹಿಡಿದು ಬಂದ. ಅಂಚಿನಲ್ಲಿ ಹವಳ ಸತ್ತ ಬಂಡೆಗೆ ಕೊಕ್ಕೆ ಸಿಕ್ಕಿಸಿ, ಬಾವುಟದ ಹಾಗೆ ಸೆಳೆತದಲ್ಲಿ ನಿಂತು ಎಣಿಸಿದೆ. ಹದಿಮೂರು ಬೂದು ಶಾರ್ಕ್. ಒಂದರ ಬಾಯಿಯ ಮೂಲೆಯಲ್ಲಿ ಹಳೆಯ ಗಾಳದ ತುಂಡು ತುಕ್ಕು ಹಿಡಿದು ನೇತಾಡುತ್ತಿತ್ತು.

ಆ ವಾರ ಎರಡು ಡೈವ್ ಬಿಟ್ಟೆ. ಒಂದು ರಸ್ಧೂ ಅಟಾಲ್‌ನದು, ಬೆಳಕು ಹರಿಯುವ ಮುಂಚೆ ಹ್ಯಾಮರ್‌ಹೆಡ್ (ಸುತ್ತಿಗೆಯಂಥ ತಲೆಯ ಶಾರ್ಕ್) ಹುಡುಕಿಕೊಂಡು ತಳ ಕಾಣದ ನೀಲಿಗೆ ಇಳಿಯುವ ಡೈವ್. ಎದ್ದಾಗ ತಲೆ ಭಾರ ಇತ್ತು, ಮೂಗಿನ ಒಂದು ಹೊಳ್ಳೆ ಕಟ್ಟಿತ್ತು. ಗೈಡ್‌ಗೆ ಹೇಳಿ ರೋಶಿ ತಿನ್ನಲು ಕೂತೆ. ಗಂಟೆ ಹೊತ್ತು ಕಳೆದ ಮೇಲೆ ಧೋನಿ ವಾಪಸ್ ಬಂತು, ದೂರದಿಂದಲೇ ಕೂಗಾಟ ಕೇಳಿಸುತ್ತಿತ್ತು, ಎಲ್ಲರೂ ಎರಡು ಮುಷ್ಟಿ ತಲೆಯ ಎರಡು ಕಡೆ ಇಟ್ಟು ತೋರಿಸುತ್ತಿದ್ದರು. ಏಳು ಬಂದಿದ್ದವಂತೆ. ಮಧ್ಯಾಹ್ನಕ್ಕೆ ಮೂಗು ಬಿಟ್ಟಿತು, ಮೂರು ಗಂಟೆಯ ಡೈವ್‌ಗೆ ಇಳಿದೆ. ಹ್ಯಾಮರ್‌ಹೆಡ್ ನಾನಿನ್ನೂ ನೋಡಿಲ್ಲ.